ಸೀಳುಸೊನ್ನೆಯ ಚೆಕ್ಕುಬಂದಿ

ಹೋದ ವಾರ ಕಪಾಟಿನ ಮೇಲಟ್ಟದಿಂದ ನನ್ನ ಪಿಎಚ್.ಡಿ. ಪ್ರಬಂಧವನ್ನು ಇಳಿಸಿದೆ. ಇಳಿಸಿದೆ ಎಂದು ಒಂದೇ ಮಾತಿನಲ್ಲಿ ಹೇಳಿದೆನಲ್ಲ, ಅದು ಅಷ್ಟು ಸಲೀಸಲ್ಲ. ಸ್ಟೂಲು ಹಾಕಿಕೊಂಡು, ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಹಳೆಯ ಮಿಕ್ಸಿ ಜಾರು ತಲೆಯ ಮೇಲೆ ಬೀಳದಂತೆ ತಡೆದು, ಅಂತೂ ಎಳೆದು ತೆಗೆದೆ. ಕರಿಯ ರಟ್ಟು, ಬಂಗಾರದ ಬಣ್ಣದ ಅಕ್ಷರ. ಬಣ್ಣ ಉದುರಿ ನನ್ನ ಹೆಸರು ಅರ್ಧವೇ ಉಳಿದಿದೆ. ತೆರೆದಾಗ ಲೇಸರ್ ಪ್ರಿಂಟಿನ ಆ ಬೆಚ್ಚನೆಯ ಸುಟ್ಟ ವಾಸನೆ ಇನ್ನೂ ಇದೆ ಎನ್ನಿಸಿತು. ನಮ್ಮ ಮನೆಯವರ ಮೂಗಿಗೆ ಹಿಡಿದರೆ, ಬರೀ ನುಸಿಗುಳಿಗೆ ವಾಸನೆ ಎಂದರು.

ಇಳಿಸುವುದಕ್ಕೆ ಕಾರಣ ಒಂದು ಇಮೇಲು. ವಿಶ್ವವಿದ್ಯಾಲಯದವರು ಹಳೆಯ ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಾರಂತೆ. ಯಾರು ಕೇಳಿದ್ದರು ಇವರನ್ನು? ಯಾವುದೋ ದೂರದ ಊರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನನ್ನದನ್ನು ಓದಿ ಬರೆದಿದ್ದಳು. ‘ಪುಟ ಅರವತ್ತನಾಲ್ಕರ ಸಮೀಕರಣದಲ್ಲಿ ಒಂದು ಅಕ್ಷರದಷ್ಟು ಜಾಗ ಖಾಲಿ ಇದೆ. ಅಲ್ಲಿ ಏನಾದರೂ ಬಿಟ್ಟುಹೋಗಿದೆಯೇ? ನಾನು ಮೊದಲಿನಿಂದ ಲೆಕ್ಕ ಮಾಡಿದರೆ ಗುಂಡಿ ಬರುತ್ತದೆ, ನಿಮಗೆ ಗುಡ್ಡ ಬಂದಿದೆ. ಎಂಟು ತಿಂಗಳಿಂದ ನನ್ನ ತಪ್ಪನ್ನು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.’ ಆ ಕೊನೆಯ ಸಾಲು ಓದಿ ನನಗೆ ಸಿಟ್ಟು ಬಂತು. ಇಷ್ಟು ಮರ್ಯಾದೆಯಿಂದ ಕೇಳುವವರ ಮೇಲೆ ರೇಗುವುದಾದರೂ ಹೇಗೆ?

‘ಅದು ಟೈಪಿಂಗ್ ದೋಷ’ ಎಂದು ಉತ್ತರ ಬರೆದೆ. ಬರೆದು, ಕಳಿಸುವ ಬಟನ್ನಿನ ಮೇಲೆ ಬೆರಳಿಟ್ಟು, ಹಾಗೇ ಕುಳಿತೆ. ಯಾಕೆ ಒತ್ತಲಿಲ್ಲ ಎನ್ನುವುದಕ್ಕೆ ಅದನ್ನು ಟೈಪ್ ಮಾಡಿದ ರೋಣಪ್ಪನವರ ಕಥೆ ಹೇಳಬೇಕು. ರೋಣಪ್ಪನವರಿಗಿಂತ ಮೊದಲು ಆ ಗುಡ್ಡ, ಗುಂಡಿಯ, ಅಂದರೆ ಅಲೆಯ ಕಥೆ. ನಿಮಗೆ ತಾಳ್ಮೆ ಇದ್ದರೆ ಕೂತುಕೊಳ್ಳಿ. ನನಗಂತೂ ಯಾವತ್ತೂ ಇರಲಿಲ್ಲ.

ಭೂಮಿಯಿಂದ ಬಹಳ ಮೇಲೆ, ಗಾಳಿ ಎನ್ನುವುದು ಮುಗಿದ ಮೇಲೆ, ಪ್ಲಾಸ್ಮಾ ಇದೆ. ಪರಮಾಣುಗಳು ಒಡೆದು ಎಲೆಕ್ಟ್ರಾನು ಒಂದು ಕಡೆ, ಅಯಾನು ಒಂದು ಕಡೆಯಾಗಿ ತಿರುಗಾಡುವ ತೀರಾ ತೆಳುವಾದ ಅನಿಲ ಅದು. ಉಪಗ್ರಹ ಅದರೊಳಗೆ ಹಾದುಹೋಗುವಾಗ, ವಿದ್ಯುತ್ತನ್ನು ಅಳೆಯುವ ಗೆರೆ ಸುಮ್ಮನೆ ಮಲಗಿದ್ದುದು ಒಮ್ಮೆ ಎದ್ದು ಮತ್ತೆ ಮಲಗುತ್ತದೆ. ಹಿಂದೆ ಒಂದು ಅಲೆ ಇಲ್ಲ, ಮುಂದೆ ಒಂದು ಇಲ್ಲ. ಗುಂಪಿಲ್ಲದೆ ಒಂದೇ ಒಂದು ಬರುತ್ತದೆ, ಬಂದ ಆಕಾರ ಕೆಡದಂತೆ ಹೋಗುತ್ತದೆ. ಬಾವಿಯ ಹಗ್ಗವನ್ನು ಒಮ್ಮೆ ಝಾಡಿಸಿದರೆ ಒಂದು ಉಬ್ಬು ಓಡುತ್ತದಲ್ಲ, ಸುಮಾರಾಗಿ ಹಾಗೆ. ನನ್ನ ಗೈಡ್ ಈ ಹೋಲಿಕೆ ಕೇಳಿದ್ದರೆ ಬೈಯುತ್ತಿದ್ದರು, ಆದರೆ ಅವರು ಎಲ್ಲದಕ್ಕೂ ಬೈಯುತ್ತಿದ್ದರು. ಗೆರೆ ಮೇಲೆದ್ದರೆ ಗುಡ್ಡ, ಕೆಳಗಿಳಿದರೆ ಗುಂಡಿ ಎಂದು ನಾವು ಕರೆಯೋಣ. ಉಪಗ್ರಹಗಳು ಕಂಡದ್ದು ಹೆಚ್ಚಾಗಿ ಗುಡ್ಡ. ಸರಳ ಸಿದ್ಧಾಂತದಲ್ಲಿ ಬರುತ್ತಿದ್ದುದು ಗುಂಡಿ. ಎಲೆಕ್ಟ್ರಾನುಗಳ ಇನ್ನೊಂದು ಹರಿವನ್ನು ಸೇರಿಸಿಕೊಂಡರೆ ಗುಡ್ಡ ಬರುತ್ತದೆ ಎಂದು ಬೇರೆಯವರು ಆಗಲೇ ತೋರಿಸಿದ್ದರು. ಆ ಹರಿವು ಇಲ್ಲದೆಯೂ ಗುಡ್ಡ ಬರುತ್ತದೆ ಎನ್ನುವುದೇ ನನ್ನ ನಾಲ್ಕನೆಯ ಅಧ್ಯಾಯ. ನಾಲ್ಕನೆಯದೇ ನನ್ನ ಪ್ರಬಂಧ. ಉಳಿದ ಅಧ್ಯಾಯಗಳು ಪೀಠಿಕೆ ಮತ್ತು ಉಪಸಂಹಾರ.

ಸಿದ್ಧಾಂತ ಎಂದರೆ ಏನೋ ಎಂದುಕೊಳ್ಳಬೇಡಿ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಎಂದಿಟ್ಟುಕೊಳ್ಳೋಣ. ಅಯಾನುಗಳು ಜಾಗ ಬಿಟ್ಟು ಕದಲುವುದಿಲ್ಲ ಎಂದಿಟ್ಟುಕೊಳ್ಳೋಣ. ಅಲೆ ಒಂದೇ ದಿಕ್ಕಿನಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಹೀಗೆ ಇಟ್ಟುಕೊಳ್ಳುತ್ತಾ ಹೋಗಿ, ಇಟ್ಟುಕೊಳ್ಳಲು ಇನ್ನೇನೂ ಇಲ್ಲದಾಗ ಲೆಕ್ಕ ಶುರು. ನಮ್ಮ ಮನೆಯವರು ಇದನ್ನು ಕಲಿತುಬಿಟ್ಟಿದ್ದರು. ಊಟಕ್ಕೆ ಕುಳಿತು, ಈ ಸಾರಿಗೆ ಉಪ್ಪು ಹಾಕಿದೆ ಎಂದಿಟ್ಟುಕೊಳ್ಳೋಣ ಎನ್ನುತ್ತಿದ್ದರು. ನಮ್ಮತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಸೊಸೆ ಏನು ಓದುತ್ತಿದ್ದಾಳೆ ಎಂದು ಪಕ್ಕದ ಮನೆಯವರು ಕೇಳಿದಾಗ ‘ಒಂಟಿ ಅಲೆ’ ಎಂದು ಹೇಳಲು ಹೋಗಿ ಅಲೆಯನ್ನು ಮರೆತು ಬರೀ ಒಂಟಿ ಎಂದಿದ್ದರು. ಮಾರನೆಯ ದಿನ ಆ ಪಕ್ಕದ ಮನೆಯಾಕೆ ತಮ್ಮ ಮಾವನ ಕಿವಿಯ ಹಳೆಯ ಒಂಟಿ ತಂದು, ಇದು ಎಷ್ಟು ವರ್ಷದ್ದು ಸ್ವಲ್ಪ ನೋಡಿ ಹೇಳಮ್ಮ ಎಂದು ನನ್ನ ಮುಂದೆ ಹಿಡಿದರು. ಹಳೆಯದೇ ಎಂದು ಹೇಳಿ ಕಳಿಸಿದೆ.

ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ನಾನು ಶಿಡ್ಲಘಟ್ಟದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಚಿಕ್ಕಬಳ್ಳಾಪುರದಿಂದ ದಿನಾ ಖಾಸಗಿ ಬಸ್ಸಿನಲ್ಲಿ ಓಡಾಡುತ್ತಾ, ರಜೆಯಲ್ಲಿ ಬೆಂಗಳೂರಿಗೆ ಹೋಗಿ ಗೈಡ್ ಕೈಲಿ ಬೈಸಿಕೊಳ್ಳುತ್ತಾ ಆರು ವರ್ಷ ಕಳೆದಿದ್ದೆ. ನೋಂದಣಿಯ ಅವಧಿಯನ್ನು ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಮೂರನೆಯ ಸಲ ಇಲ್ಲ, ಈ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಎಲ್ಲ ರದ್ದು ಎಂದು ವಿಶ್ವವಿದ್ಯಾಲಯ ಕಾಗದ ಬರೆದಿತ್ತು. ಟೈಪ್ ಆಗಬೇಕಿತ್ತು. ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ, ತಾಲ್ಲೂಕು ಕಚೇರಿಯ ಹತ್ತಿರ ಒಂದು ಡಿಟಿಪಿ ಅಂಗಡಿ ಇತ್ತು. ಅದು ವೆಂಕಟರೋಣಪ್ಪನವರದು, ಊರಿಗೆಲ್ಲ ರೋಣಪ್ಪನವರು.

ಐವತ್ತರ ಹತ್ತಿರದ ಮನುಷ್ಯ, ಸಾದಲಿ ಕಡೆಯವರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಇವರು ಮಾತ್ರ ಇಪ್ಪತ್ತೈದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಜಮೀನಿನ ಕ್ರಯಪತ್ರ ಟೈಪ್ ಮಾಡಿದವರು. ಕಾಲ ಬದಲಾಯಿತು ಎಂದು ಕಂಪ್ಯೂಟರ್ ತಂದಿದ್ದರೇ ಹೊರತು ಅವರು ಬದಲಾಗಿರಲಿಲ್ಲ. ಕ್ರಯಪತ್ರ ಟೈಪ್ ಮಾಡುವ ಗತ್ತಿನಲ್ಲೇ ನನ್ನ ಅಲೆಗಳನ್ನೂ ಟೈಪ್ ಮಾಡಿದರು. ಗ್ರೀಕ್ ಅಕ್ಷರಗಳ ಹೆಸರು ಹೇಳಿಕೊಡಲು ಹೋದರೆ ಬೇಡವೆಂದರು. ಅವರದೇ ಹೆಸರುಗಳಿದ್ದವು. ಫೈ ಎಂದರೆ ಸೀಳುಸೊನ್ನೆ. ಸೈ ಎಂದರೆ ನಾಮ. ಕ್ಸೈ ಎಂದರೆ ಹುಳ. ಮೈನಸ್ಸು ಅಡ್ಡಕಡ್ಡಿ. ನಾನು ಎಷ್ಟು ತಿದ್ದಿದರೂ ಹುಳ ಹುಳವಾಗಿಯೇ ಉಳಿಯಿತು. ಕೊನೆಗೆ ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ನಾನೇ ‘ಈ ಹುಳದ ಬೆಲೆ’ ಎಂದುಬಿಟ್ಟೆ.

ಹೆಸರಾದರೂ ಹೋಗಲಿ, ಅವರ ತಾಳೆ ನೋಡುವ ಕ್ರಮ ನನ್ನ ಜೀವ ತಿಂದಿತು. ಕ್ರಯಪತ್ರದಲ್ಲಿ ಜಮೀನಿನ ಚೆಕ್ಕುಬಂದಿ ಎಂದು ಇರುತ್ತದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕೆರೆಯಂಗಳ, ದಕ್ಷಿಣಕ್ಕೆ ಖರಾಬು. ಮೊದಲ ಪುಟದಲ್ಲಿ ಹೇಳಿದ ಎಲ್ಲೆ ಕೊನೆಯ ಪುಟದಲ್ಲೂ ಅದೇ ಇರಬೇಕು, ಇಲ್ಲದಿದ್ದರೆ ಪತ್ರ ಬಿತ್ತು. ರೋಣಪ್ಪನವರು ಸಮೀಕರಣವನ್ನೂ ಹಾಗೇ ಓದುತ್ತಿದ್ದರು. ಬೆರಳಿಟ್ಟು, ಗಟ್ಟಿಯಾಗಿ, ಅಂಗಡಿಗೆ ಬಂದವರೆಲ್ಲ ಕೇಳುವ ಹಾಗೆ: ಸೀಳುಸೊನ್ನೆ, ಪೂರ್ವಕ್ಕೆ ಹುಳ, ಪಶ್ಚಿಮಕ್ಕೆ ಅಡ್ಡಕಡ್ಡಿ, ಉತ್ತರಕ್ಕೆ ಎರಡು, ದಕ್ಷಿಣಕ್ಕೆ ಖರಾಬು. ಬಲಕ್ಕಿರುವುದು ಪೂರ್ವ, ಎಡಕ್ಕಿರುವುದು ಪಶ್ಚಿಮ, ತಲೆಯ ಮೇಲಿನ ಘಾತ ಉತ್ತರ, ಕಾಲಡಿಯ ಅಂಕಿ ದಕ್ಷಿಣ, ಏನೂ ಇಲ್ಲದ ಜಾಗ ಖರಾಬು. ಒಂದು ಪುಟಕ್ಕೆ ಒಂದು ಗಂಟೆ. ನಡುವೆ ಕರೆಂಟು ಹೋಗುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಪೂರ್ವದಿಂದ ಶುರು. ನಾನು ಬೆಂಚಿನ ಮೇಲೆ ಕುಳಿತು, ಕಡೆಯ ಬಸ್ಸಿನ ಯೋಚನೆಯಲ್ಲಿ ಸೀರೆಯ ಅಂಚು ಹಿಂಡುತ್ತಿದ್ದೆ.

ಇನ್ನು ಹನ್ನೆರಡು ದಿನ ಉಳಿದಿದೆ ಎನ್ನುವಾಗ ಹೋದರೆ, ಅರವತ್ತನಾಲ್ಕನೆಯ ಪುಟದಲ್ಲಿ ಕೆಲಸ ನಿಂತಿತ್ತು. ಮುಂದಿನ ನಲವತ್ತು ಪುಟಗಳನ್ನು ಅವರು ಮುಟ್ಟಿಯೇ ಇರಲಿಲ್ಲ. ನನ್ನ ಕೈಬರಹದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದರು.

“ಇಲ್ಲಿ ಚೆಕ್ಕುಬಂದಿ ಕೂಡಲ್ಲ ಮೇಡಂ,” ಎಂದರು. “ಅರವತ್ತೊಂದ್ನೇ ಪುಟದಾಗೆ ಸೀಳುಸೊನ್ನೆಗೆ ಪಶ್ಚಿಮಕ್ಕೆ ಅಡ್ಡಕಡ್ಡಿ ಐತೆ. ಇಲ್ಲಿ ಖರಾಬು. ಮಿಕ್ಕಿದ ಮೂರು ದಿಕ್ಕೂ ಅದೇ.”

ನನಗೆ ಸಿಟ್ಟು ನೆತ್ತಿಗೇರಿತು. ನಡುವೆ ಮೂರು ಪುಟದ ಲೆಕ್ಕ ಇದೆ, ಚಿಹ್ನೆ ಬದಲಾಗುತ್ತದೆ, ಅದು ನಿಮಗೆ ತಿಳಿಯುವುದಿಲ್ಲ, ಸುಮ್ಮನೆ ಇದ್ದ ಹಾಗೆ ಹೊಡೆಯಿರಿ ಎಂದೆ. ನಡುವೆ ಬದಲಾದದ್ದೆಲ್ಲ ನೋಡಿದ್ದೇನೆ, ಬದಲಾದ ಕಡೆಯಲ್ಲೆಲ್ಲ ಎರಡೂ ಬದಿ ಬದಲಾಗಿದೆ, ಇದೊಂದು ಕಡ್ಡಿ ಮಾತ್ರ ಯಾರಿಗೂ ಹೇಳದೆ ಹೋಗಿದೆ ಎಂದು ಅವರು ನಿಧಾನವಾಗಿ ವಿವರಿಸಿದರು. ಆ ನಿಧಾನವೇ ನನ್ನನ್ನು ಇನ್ನಷ್ಟು ಕೆರಳಿಸಿತು.

“ಇದರ ಅರ್ಥ ಏನು ಅಂತ ಗೊತ್ತೇನ್ರಿ ನಿಮಗೆ?” ಎಂದು ಕೇಳಿದೆ.

“ಗೊತ್ತಿಲ್ಲ ಮೇಡಂ. ಅದಕ್ಕೇ ಕಾಣ್ತು. ಅರ್ಥ ಗೊತ್ತಿದ್ದೋರು ಇರಬೇಕಾದ್ದನ್ನ ಓದ್ಕೊಂಡು ಹೋಗ್ಬಿಡ್ತಾರೆ. ನಾನು ಇರೋದನ್ನ ಓದ್ತೀನಿ.”

ಇದ್ದ ಹಾಗೆ ಟೈಪ್ ಮಾಡುತ್ತೀರೋ ಇಲ್ಲವೋ ಎಂದು ಕಡೆಯ ಮಾತು ಕೇಳಿದೆ. ಮಾಡುತ್ತೇನೆ, ಆದರೆ ನಾನು ಹೇಳಿದೆ, ನೀವು ಬೇಡವೆಂದಿರಿ ಎಂದು ಬರೆದುಕೊಡಿ ಎಂದರು. ಪಾರ್ಟಿಗಳು ಎಲ್ಲೆ ವಿಷಯದಲ್ಲಿ ಹಟ ಮಾಡಿದರೆ ಅವರು ಹಾಗೆ ಬರೆಸಿಕೊಳ್ಳುವುದು ವಾಡಿಕೆಯಂತೆ. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದ ನಾನು, ಒಬ್ಬ ಪಾರ್ಟಿ! ಸಿಟ್ಟಿನಲ್ಲಿ ಒಂದು ಚೀಟಿ ಎಳೆದುಕೊಂಡು, ವ್ಯಂಗ್ಯವಾಗಿರಲೆಂದು ಅವರದೇ ಧಾಟಿಯಲ್ಲಿ ಬರೆದೆ: ‘ಪುಟ ೬೪ರಲ್ಲಿ ನಾನು ಬರೆದಂತೆಯೇ ಟೈಪ್ ಮಾಡತಕ್ಕದ್ದು. ಇದನ್ನು ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ.’ ಸಹಿಯನ್ನೂ ಹಾಕಿದೆ. ಅವರು ವ್ಯಂಗ್ಯವನ್ನು ಗಮನಿಸದೆ ಎರಡು ಸಲ ಓದಿ, ಮಡಿಚಿ, ಫೈಲಿಗೆ ಸೇರಿಸಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ನೋಟುಪುಸ್ತಕ ತೆರೆದೆ. ಅವರದು ತಪ್ಪೆಂದು ತೋರಿಸಲೇಬೇಕು ಎಂಬ ಒಂದೇ ಹಟ. ಅರವತ್ತೊಂದರಿಂದ ಶುರುಮಾಡಿ, ವಿವರಣೆ ಬಿಟ್ಟು ಮುಖ್ಯ ಹೆಜ್ಜೆಗಳನ್ನಷ್ಟೇ, ಒಂದು ಸಾಲು, ಎರಡು ಸಾಲು, ಮೂರು ಸಾಲು ಬರೆದೆ. ಮೂರನೆಯ ಸಾಲಿಗೆ ಕೈ ನಿಂತಿತು. ಲೆಕ್ಕ ಎತ್ತ ಹೋಗುತ್ತಿದೆ ಎಂದು ಲೆಕ್ಕ ಮಾಡುವವಳಿಗೆ ಗೊತ್ತಾಗುತ್ತದೆ. ಇನ್ನು ನಾಲ್ಕು ಸಾಲು ಮುಂದುವರಿಸಿದ್ದರೆ ಮುಗಿಯುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಆರು ವರ್ಷಕ್ಕೆ ದೊಣ್ಣೆಯೂ ಬೇಕಾಗಿರಲಿಲ್ಲ, ಒಂದು ಅಡ್ಡಕಡ್ಡಿ ಸಾಕಾಗಿತ್ತು. ರಸ್ತೆ ಕುಲುಕುತ್ತಿದೆ, ಅಕ್ಷರ ಅಂಕುಡೊಂಕಾಗುತ್ತಿದೆ, ಮನೆಗೆ ಹೋಗಿ ಮಾಡೋಣ ಎಂದು ನನಗೆ ನಾನೇ ಹೇಳಿಕೊಂಡು ಪುಸ್ತಕ ಮುಚ್ಚಿದೆ. ಮನೆಗೆ ಹೋಗಿ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ನಾನು ಸುಳ್ಳು ಬರೆದೆ ಎಂದು ಯಾರೂ ಹೇಳುವಂತಿಲ್ಲ. ನಿಜ ಏನೆಂದು ಗೊತ್ತಾಗದಂತೆ ನೋಡಿಕೊಂಡೆ, ಅಷ್ಟೆ. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಹತ್ತನೆಯ ದಿನಕ್ಕೆ ಎಲ್ಲ ಪುಟಗಳೂ ಸಿದ್ಧವಾಗಿದ್ದವು. ಅರವತ್ತನಾಲ್ಕನ್ನು ತೆಗೆದು ನೋಡಿದೆ. ನಾನು ಬರೆದಂತೆಯೇ ಇತ್ತು, ಕಡ್ಡಿ ಇರಲಿಲ್ಲ. ಆದರೆ ಸೀಳುಸೊನ್ನೆಯ ಪಶ್ಚಿಮಕ್ಕೆ ಒಂದು ಅಕ್ಷರದ ಜಾಗ ಖಾಲಿ ಬಿಟ್ಟಿದ್ದರು. ಇದೇನು ಎಂದು ಕೇಳಿದೆ.

“ನೀವು ಹೇಳ್ದಂಗೇ ಹೊಡ್ದಿದೀನಿ. ಜಾಗ ಮಾತ್ರ ಬಿಟ್ಟಿದೀನಿ ಮೇಡಂ. ಯಾವತ್ತಾದ್ರೂ ಬಂತು ಅಂದ್ರೆ ಕೂತ್ಕೊಳಕ್ಕೆ ಇರ್ಲಿ.”

ಜಗಳವಾಡಲು ಸಮಯವಿರಲಿಲ್ಲ. ಐದು ಪ್ರತಿ ತೆಗೆಸಿ, ರಟ್ಟು ಹಾಕಿಸಿ, ಬೆಂಗಳೂರಿಗೆ ಓಡಿದೆ. ಗೈಡ್ ಸಹಿ ಹಾಕುವ ಮೊದಲು ಪುಟಗಳನ್ನು ಸರಸರನೆ ತಿರುವಿದರು. ಅರವತ್ತನಾಲ್ಕರಲ್ಲಿ ಅವರ ಬೆರಳು ನಿಂತಿತು. ಅವರು ಕಂಡದ್ದು ಖಾಲಿ ಜಾಗವನ್ನು ಮಾತ್ರ. ಇದೇನಮ್ಮ ಇಷ್ಟು ಅಗಲ ಬಿಟ್ಟಿದ್ದಾನೆ, ಈ ಟೈಪ್ ಮಾಡುವವರಿಗೆ ತಲೆಯೇ ಇರುವುದಿಲ್ಲ ಎಂದರು.

“ಹೌದು ಸಾರ್,” ಎಂದೆ ನಾನು. “ಹಳ್ಳಿ ಕಡೆಯೋರು. ಏನೂ ತಿಳಿಯಲ್ಲ.”

ಪದವಿ ಬಂತು. ಮೌಖಿಕ ಪರೀಕ್ಷೆಗೆ ಬಂದವರು ಪೀಠಿಕೆಯ ಬಗ್ಗೆ ಎರಡು ಪ್ರಶ್ನೆ ಕೇಳಿ, ಬೋಂಡ ತಿಂದು ಹೋದರು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಸ್ಟಾಫ್‌ರೂಮಿನ ನನ್ನ ಬೀರುವಿಗೆ ಅಂಟಿಸಲು ‘ಡಾ.’ ಎಂದು ಸೇರಿಸಿದ ಹೆಸರಿನ ಚೀಟಿಯನ್ನು ರೋಣಪ್ಪನವರೇ ಪ್ರಿಂಟ್ ತೆಗೆದು ಕಾಲೇಜಿಗೆ ತಂದು ಕೊಟ್ಟರು. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅಂದಿನಿಂದ ಬಸ್ ನಿಲ್ದಾಣಕ್ಕೆ ತಾಲ್ಲೂಕು ಕಚೇರಿಯ ದಾರಿ ಬಿಟ್ಟು, ರೇಷ್ಮೆಗೂಡಿನ ಮಾರುಕಟ್ಟೆಯನ್ನು ಸುತ್ತಿಕೊಂಡು ಹೋಗತೊಡಗಿದೆ. ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಬಸ್ಸು ಆಗಾಗ ತಪ್ಪುತ್ತಿತ್ತು. ಅಂಗಡಿ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಮುಂದೆ ಚಿಂತಾಮಣಿಗೆ ವರ್ಗವಾಯಿತು, ಅಲ್ಲಿಂದ ಗೌರಿಬಿದನೂರಿಗೆ. ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಎಲ್ಲಿ ಹೋದರೂ ನನ್ನನ್ನು ಡಾಕ್ಟರ್ ಎಂದೇ ಕರೆದರು.

ಈಗ ಈ ಹುಡುಗಿ. ಎಂಟು ತಿಂಗಳಿಂದ ತನ್ನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಿದ್ದಾಳೆ. ನಾನು ಬರೆದ ಉತ್ತರ: ಟೈಪಿಂಗ್ ದೋಷ. ಒಬ್ಬ ಮನುಷ್ಯನ ಮೇಲೆ ಒಂದೇ ತಪ್ಪನ್ನು ಎರಡನೆಯ ಸಲ ಹೊರಿಸಲು ಹೊರಟಿದ್ದೆ. ಆ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಾಳೆ ಹರಡಿ, ಬಸ್ಸಿನಲ್ಲಿ ಬಿಟ್ಟಿದ್ದ ಆ ನಾಲ್ಕು ಸಾಲನ್ನು ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಗುಂಡಿಯೇ ಬಂತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ; ನನ್ನದರಲ್ಲಿ ಬೆಟ್ಟವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಬಂಧವನ್ನು ಕೈಚೀಲಕ್ಕೆ ಹಾಕಿಕೊಂಡು ಸಾದಲಿಗೆ ಹೊರಟೆ. ಶಿಡ್ಲಘಟ್ಟದ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಅವರು ಮಗನ ಜೊತೆ ಹುಳು ನೋಡಿಕೊಂಡಿದ್ದಾರೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಹುಳು ಮನೆಯ ಬಾಗಿಲಲ್ಲೇ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ದಪ್ಪವಾಗಿದೆ. ನಾಲ್ಕನೇ ಜ್ವರ, ಪೊರೆ ಕಳಚುವ ಹೊತ್ತು, ಹುಳು ಮೇವು ಬಿಟ್ಟು ತಲೆಯೆತ್ತಿ ನಿಂತಿವೆ, ಜೋರಾಗಿ ಮಾತಾಡಬೇಡಿ ಎಂದು ಕೈಸನ್ನೆ ಮಾಡಿ ಜಗಲಿಗೆ ಕರೆದುಕೊಂಡು ಬಂದರು. ಒಳಗೆ ಹೋಗಿ ಟೀ ಹೇಳಿ ಬಂದರು. ನಾನು ಹೇಗೆ ಶುರುಮಾಡುವುದೆಂದು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಅವರೇ ಕೇಳಿದರು.

“ಆ ಕಡ್ಡಿ ಬಂತಾ ಮೇಡಂ?”

ಎಲ್ಲವನ್ನೂ ಹೇಳಿದೆ: ಬಸ್ಸು, ಮುಚ್ಚಿದ ನೋಟುಪುಸ್ತಕ, ಗೈಡ್ ಮುಂದೆ ನಾನು ಆಡಿದ ಮಾತು. ಹಳ್ಳಿಯವರು, ಏನೂ ತಿಳಿಯುವುದಿಲ್ಲ ಎಂದ ಮಾತನ್ನು ಬಿಟ್ಟುಬಿಡೋಣ ಎನ್ನಿಸಿತ್ತು, ಬಿಡಲಿಲ್ಲ. ಅವರ ಮುಖದಲ್ಲಿ ನೋವು ಹಾದುಹೋದದ್ದು ಕಂಡಿತು. ಆಮೇಲೆ ಅವರ ಮನೆಯ ತೆಲುಗು ಬಾಯಿಗೆ ಬಂತು.

“ಪರ್ವಾಲೇದು,” ಎಂದರು. “ಪುಸ್ತಕ ತಂದಿದೀರಾ?”

ಅರವತ್ತನಾಲ್ಕನೆಯ ಪುಟ ತೆರೆದು ಪೆನ್ನು ತೆಗೆದೆ. ಆ ಜಾಗ ಅಷ್ಟೂ ವರ್ಷ ಹಾಗೇ ಇತ್ತು. ಅಡ್ಡಕಡ್ಡಿ ಎಳೆದೆ, ಅಳೆದು ಬಿಟ್ಟಂತೆ ಸರಿಯಾಗಿ ಕೂತಿತು. ಪುಸ್ತಕ ಮುಚ್ಚಲು ಹೋದರೆ ಅವರು ಅಂಗೈ ಅಡ್ಡ ಇಟ್ಟರು. ಪತ್ರದಲ್ಲಿ ಏನಾದರೂ ಸೇರಿಸಿದರೆ ಪಕ್ಕದಲ್ಲಿ ಸಹಿ ಹಾಕಬೇಕು, ಕೆಳಗೆ ಷರಾ ಬರೆಯಬೇಕು, ಇಲ್ಲದಿದ್ದರೆ ಅದು ತಿದ್ದುಪಡಿಯಲ್ಲ, ಕಳ್ಳತನ ಎಂದರು. ಈ ವಯಸ್ಸಿನಲ್ಲೂ ಈ ಮನುಷ್ಯ ನನ್ನ ಜೀವ ತಿನ್ನುವುದು ಬಿಟ್ಟಿಲ್ಲವಲ್ಲ ಎಂದುಕೊಂಡೇ ಸಹಿ ಹಾಕಿ, ಪುಟದ ಅಡಿಯಲ್ಲಿ ಬರೆದೆ: ‘ಒಂದು ಅಡ್ಡಕಡ್ಡಿ ಸೇರಿಸಿದೆ.’ ಅಷ್ಟರಲ್ಲಿ ಅವರು ಒಳಗಿನಿಂದ ಹಳೆಯ ಫೈಲು ತಂದು, ಹಳದಿಗೆ ತಿರುಗಿದ ಚೀಟಿಯೊಂದನ್ನು ನನ್ನ ಕೈಗಿಟ್ಟರು. ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ. ನನ್ನದೇ ಸಹಿ, ಆಗಿನ ಸೊಕ್ಕಿನ ದೊಡ್ಡ ಸಹಿ. ಇನ್ನು ಇದು ನನಗೆ ಬೇಕಿಲ್ಲ ಎಂದರು.

ಮೊಬೈಲ್ ತೆಗೆದು ಆ ಹುಡುಗಿಗೆ ಬರೆದಿದ್ದ ಉತ್ತರವನ್ನು ಅಳಿಸಿದೆ. ಹೊಸದನ್ನು ಬರೆದೆ. ರಿಜಿಸ್ಟರ್ ಆಗುವ ಮೊದಲು ಪತ್ರವನ್ನು ಓದಿ ಹೇಳುವುದು ಕ್ರಮ, ಓದಿ ಎಂದರು ರೋಣಪ್ಪನವರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ, ಹುಳುಗಳಿಗೆ ಕೇಳಿಸದಂತೆ ಮೆಲ್ಲಗೆ ಓದಿದೆ. ‘ನಿಮ್ಮ ಲೆಕ್ಕ ಸರಿ, ಅದು ಗುಂಡಿಯೇ. ಖಾಲಿ ಇರುವಲ್ಲಿ ಋಣಚಿಹ್ನೆ ಇರಬೇಕು. ಟೈಪ್ ಮಾಡಿದವರು ತಪ್ಪನ್ನು ಕಂಡು, ಹೇಳಿ, ಜಾಗವನ್ನೂ ಬಿಟ್ಟಿದ್ದರು. ತುಂಬದೆ ಹೋದವಳು ನಾನು. ಇದನ್ನು ವಿಶ್ವವಿದ್ಯಾಲಯಕ್ಕೂ ಬರೆಯುತ್ತಿದ್ದೇನೆ.’

ಅವರು ಕಣ್ಣು ಮುಚ್ಚಿ ಕೇಳಿದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಪೂರ್ವ, ಪಶ್ಚಿಮ ತಾಳೆ ನೋಡುತ್ತಿದ್ದರೋ ಏನೋ.

“ಕೂಡ್ತು,” ಎಂದರು. “ಕಳ್ಸಿ.”

ಸಾದಲಿಯಲ್ಲಿ ಅವತ್ತು ಸಿಗ್ನಲ್ಲು ಒಂದೇ ಒಂದು ಕಡ್ಡಿ ಇತ್ತು. ಒತ್ತಿದೆ. ಸ್ವಲ್ಪ ಹೊತ್ತು ಸುತ್ತಿ ಸುತ್ತಿ, ಹೋಯಿತು.